ಕೌದಿಯ ಹೊಟ್ಟೆಯೊಳಗೆ

ಮಗಳು ಹುಟ್ಟಿದ ಹದಿನೈದನೇ ದಿನ ಅವ್ವ ಊರಿಂದ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದಳು. ಕೈಕಾಲು ತೊಳೆದು, ಮೊಮ್ಮಗಳ ಮುಖ ನೋಡಿ, ನೆಟಿಗೆ ಮುರಿದು, ಚಹಾ ಮುಗಿಸುವುದರೊಳಗೆ ಕೇಳಿದ್ದು ಒಂದೇ ಪ್ರಶ್ನೆ: “ಹಳೇ ಅರಿಬಿ ಎಲ್ಲಿಟ್ಟೀರಿ ತಮ್ಮಾ?”

ನಮ್ಮ ಕಡೆ ಅರಿಬಿ ಅಂದ್ರೆ ಬಟ್ಟೆ. ಕೂಸಿಗೆ ಕೌದಿ ಹೊಲೀಬೇಕು, ಅದಕ್ಕೆ ಹಳೇ ಹತ್ತಿ ಬಟ್ಟೆ ಬೇಕು. ಹೊಸ ಬಟ್ಟೆ ನಡೆಯುವುದಿಲ್ಲ, ಕೂಸಿನ ಮೈಗೆ ಚುಚ್ಚುತ್ತದೆ. ಹತ್ತಿಪ್ಪತ್ತು ವರ್ಷ ಉಟ್ಟು, ಒಗೆದು, ಬಿಸಿಲಿಗೆ ಒಣಗಿ, ಕೈಯಲ್ಲಿ ಹಿಡಿದರೆ ಹಾಲಿನ ಕೆನೆಯಂತೆ ಜಾರುವ ಬಟ್ಟೆಯೇ ಆಗಬೇಕು. ಬಾಳಿ ಬದುಕಿದ ಹಿರಿಯರು ಉಟ್ಟದ್ದಾದರೆ ಇನ್ನೂ ಒಳ್ಳೆಯದು.

ನಾನು ಹೆಮ್ಮೆಯಿಂದಲೇ ವಾರ್ಡ್‌ರೋಬ್ ತೆಗೆದೆ. ಇಬ್ಬರ ಬಟ್ಟೆ, ತುಂಬಿ ತುಳುಕುತ್ತಿತ್ತು. ಅವ್ವ ಒಂದೊಂದನ್ನೇ ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಾ ಪಕ್ಕಕ್ಕೆ ಎಸೆಯತೊಡಗಿದಳು. ಓಡಲಿಕ್ಕೆಂದು ಕೊಂಡ ಡ್ರೈ ಫಿಟ್ ಟೀ ಶರ್ಟು, ಆಫೀಸಿನ ಫಾರ್ಮಲ್ಸು, ಇಸ್ತ್ರಿ ಬೇಡದ ಪ್ಯಾಂಟು, ಹೆಂಡತಿಯ ಜಾರ್ಜೆಟ್ ಸೀರೆ, ಪ್ರತಿ ಪ್ರಾಜೆಕ್ಟು ಮುಗಿದಾಗಲೂ ಕಂಪನಿ ಹಂಚಿದ ಹುಡಿಗಳು. ಅನುಮಾನ ಬಂದದ್ದರ ಅಂಚಿನಿಂದ ಒಂದು ಎಳೆ ಕಿತ್ತು ಗ್ಯಾಸ್ ಒಲೆಯ ಉರಿಗೆ ಹಿಡಿದಳು. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಮುದುಡಿಕೊಂಡು, ಕರಗಿ, ಸಾಸಿವೆ ಕಾಳಿನಂತೆ ಗಟ್ಟಿಯಾಗುತ್ತದೆ. ಅಡುಗೆಮನೆ ತುಂಬ ಪ್ಲಾಸ್ಟಿಕ್ ಸುಟ್ಟ ವಾಸನೆ. ಒಂದು ತಾಸಿನ ಟೆಸ್ಟಿಂಗ್ ಮುಗಿದಾಗ ಪಾಸಾದದ್ದು ನಾಲ್ಕೇ ನಾಲ್ಕು: ನನ್ನ ಮದುವೆಯ ಪಂಚೆ, ಎರಡು ಬನಿಯನ್ನು, ಮೊದಲ ಕೆಲಸಕ್ಕೆ ಸೇರಿದ ದಿನ ಕೊಟ್ಟ ಒಂದು ಟೀ ಶರ್ಟು.

“ಇಷ್ಟ ಪಗಾರ ಬರತೈತಿ ಅಂತೀ, ಮನ್ಯಾಗ ಒಂದ ನೆಟ್ಟನ ಅರಿಬಿ ಇಲ್ಲಲ್ಲೋ” ಅಂದಳು ಅವ್ವ.

ಕೌದಿ ನೋಡದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಹಳೆಯ ಸೀರೆ, ಧೋತರ, ಕುಪ್ಪಸಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಈ ತುದಿಯಿಂದ ಆ ತುದಿಗೆ ಸಾಲು ಹೊಲಿಗೆ ಹಾಕಿದ ಹೊದಿಕೆ ಅದು. ಹಾಸಲಿಕ್ಕೂ ಅದೇ, ಹೊದೆಯಲಿಕ್ಕೂ ಅದೇ. ಇದನ್ನೇ ಮಹಾರಾಷ್ಟ್ರದಲ್ಲಿ ಗೋಧಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಸಿಂಧ್‌ನಲ್ಲಿ ರಲ್ಲಿ ಅನ್ನುತ್ತಾರೆ. ಕಾಂಥಾ ಪದಕ್ಕೆ ಸಂಬಂಧಿಯಾದ ಕಂಥೆ ಕನ್ನಡದಲ್ಲೂ ಇದೆ, ಸನ್ಯಾಸಿಗಳ ತೇಪೆ ಹಚ್ಚಿದ ಬಟ್ಟೆಗೆ ಆ ಹೆಸರು. ತುಂಡು ಜೋಡಿಸಿ ಹೊಲಿಯುವ ಈ ಕೆಲಸದ ಬಹಳ ಹಳೆಯ ಉಲ್ಲೇಖ ಬೌದ್ಧರ ವಿನಯ ಗ್ರಂಥದಲ್ಲಿ ಸಿಗುತ್ತದೆ. ಬುದ್ಧ ಮಗಧದ ಗದ್ದೆಗಳನ್ನು ತೋರಿಸಿ, ಬದುವಿನಿಂದ ಬದುವಿಗೆ ಹೀಗೆ ತುಂಡು ಜೋಡಿಸಿ ಭಿಕ್ಷುಗಳ ಚೀವರ ಮಾಡಲು ಆಗುತ್ತದೆಯೇ ಎಂದು ಆನಂದನನ್ನು ಕೇಳಿದನಂತೆ. ಆನಂದ ಮಾಡಿ ತೋರಿಸಿದ. ಮೌಲ್ಯವಿಲ್ಲದ ತುಂಡಾದರೆ ಕಳ್ಳರ ಕಾಟವೂ ಇಲ್ಲ ಅನ್ನುವ ಲೆಕ್ಕವೂ ಅದರಲ್ಲಿತ್ತು.

ನಾವು ದಿನಾ ಆಫೀಸಿನಲ್ಲಿ ಹೇಳುವ ‘ಪ್ಯಾಚ್’ ಕೂಡ ನಿಜವಾದ ತೇಪೆಯೇ. 1940ರ ದಶಕದ ಹಾರ್ವರ್ಡ್ ಮಾರ್ಕ್ 1 ಕಂಪ್ಯೂಟರಿಗೆ ಪ್ರೋಗ್ರಾಮ್ ಕೊಡುತ್ತಿದ್ದದ್ದು ತೂತು ಹೊಡೆದ ಕಾಗದದ ಪಟ್ಟಿಯಲ್ಲಿ. ತಪ್ಪು ಜಾಗದಲ್ಲಿ ತೂತು ಬಿದ್ದಿದ್ದರೆ ಅದರ ಮೇಲೆ ತುಂಡು ಅಂಟಿಸಿ ಮುಚ್ಚುತ್ತಿದ್ದರು. ಇದನ್ನು ಹೇಳಿದರೆ ಅವ್ವನಿಗೆ ನಗು. “ಹಂಗಾದ್ರ ನೀನೂ ತ್ಯಾಪಿ ಹಚ್ಚೂ ಕೆಲಸಾನ ಮಾಡ್ತೀ ಅನ್ನು.”

ಬಟ್ಟೆ ಸಿಗದಿದ್ದರೂ ಅವ್ವ ಬರಿಗೈಯಲ್ಲಿ ಬಂದಿರಲಿಲ್ಲ. ರೋಣ ತಾಲ್ಲೂಕಿನ ನಮ್ಮೂರಿನ ಮನೆಯ ಟ್ರಂಕಿನಲ್ಲಿದ್ದ ಆಯಿಯ ಕೌದಿಯನ್ನು ಗಂಟು ಕಟ್ಟಿ ತಂದಿದ್ದಳು. ಆಯಿ ಅಂದರೆ ಅಪ್ಪನ ಅವ್ವ. ಕೌದಿಯ ಒಂದು ಬದಿ ಪೂರ್ತಿ ಹರಿದಿತ್ತು. ಅದನ್ನು ಬಿಚ್ಚಿ, ಒಳಗಿನ ಗಟ್ಟಿ ತುಂಡುಗಳನ್ನು ಆರಿಸಿ ಕೂಸಿನ ಕೌದಿಗೆ ಬಳಸುವುದು ಅವಳ ಯೋಜನೆ. ಎತ್ತಿ ನೋಡಿದೆ, ಲ್ಯಾಪ್‌ಟಾಪಿನ ಬ್ಯಾಗಿಗಿಂತ ಭಾರ. ಕೌದಿ ಭಾರವಿರಲೇಬೇಕು, ಚಳಿಗಾಲದ ರಾತ್ರಿ ಯಾರೋ ಮೇಲೆ ಕೈ ಇಟ್ಟಂತೆ ಇರುತ್ತದೆ. ಈಗ ಅದನ್ನೇ ವೆಯ್ಟೆಡ್ ಬ್ಲ್ಯಾಂಕೆಟ್ ಅಂತ ಸಾವಿರಾರು ರೂಪಾಯಿಗೆ ಮಾರುತ್ತಾರೆ, ಇರ್ಲಿ.

ಶನಿವಾರ ಮಧ್ಯಾಹ್ನ ಬ್ಲೇಡು ಹಿಡಿದು ಇಬ್ಬರೂ ಕೂತೆವು.

ಮೇಲಿನ ಪದರದಲ್ಲಿ ನನಗೆ ಗೊತ್ತಿದ್ದ ಬಟ್ಟೆಗಳೇ ಇದ್ದವು. ನನ್ನ ಪ್ರೈಮರಿ ಶಾಲೆಯ ಖಾಕಿ ಚಡ್ಡಿ. ಅಕ್ಕನ ಲಂಗ. ಯಾವುದೋ ಚುನಾವಣೆಯ ಬಟ್ಟೆಯ ಬ್ಯಾನರು. ಮಾಸಿದ ಅಕ್ಷರಗಳಲ್ಲಿ ‘ನಿಮ್ಮ ಅಮೂಲ್ಯ’ ಅಂತಷ್ಟೇ ಉಳಿದಿತ್ತು, ‘ಮತ’ ಇನ್ನಾರದೋ ಮನೆಯ ಕೌದಿಯಲ್ಲಿ ಇರಬೇಕು. ಫ್ಲೆಕ್ಸ್ ಬರುವ ಮುಂಚೆ ಚುನಾವಣೆ ಮುಗಿದ ಮರುದಿನ ಬ್ಯಾನರುಗಳು ಗೋಡೆಯಿಂದ ಮಾಯವಾಗುತ್ತಿದ್ದದ್ದು ಯಾಕೆಂದು ಈಗ ಗೊತ್ತಾಯ್ತು. ಮತ್ತೆ ಅಪ್ಪನ ಟೆರಿಕಾಟ್ ಅಂಗಿ. ಅದೊಂದು ತುಂಡು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು, ಸುತ್ತಲಿನ ಹತ್ತಿಯನ್ನು ಹರಿದುಕೊಂಡು ಎದ್ದು ನಿಂತಿತ್ತು.

ಆ ಅಂಗಿಯ ಹಿಂದೆ ದೊಡ್ಡ ಕಥೆಯಿದೆ. ಕೋಳಿಕ್ಕೋಡ್‌ನಿಂದ ಹೋಗುತ್ತಿದ್ದ ಹತ್ತಿ ಬಟ್ಟೆಗೆ ಇಂಗ್ಲಿಷರು ಆ ಊರಿನ ಹೆಸರಿನಿಂದಲೇ ಕ್ಯಾಲಿಕೋ ಎಂದು ಹೆಸರಿಟ್ಟರು. ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ ಭಾರತದ ಬಣ್ಣದ ಹತ್ತಿ ಬಟ್ಟೆಗೆ ಅಲ್ಲಿಯ ಹೆಂಗಸರು ಎಷ್ಟು ಮರುಳಾದರೆಂದರೆ, ಉಣ್ಣೆ ಮತ್ತು ರೇಷ್ಮೆ ನೇಕಾರರು ಬೀದಿಗಿಳಿದರು. 1719ರಲ್ಲಿ ಲಂಡನ್ನಿನಲ್ಲಿ ಕ್ಯಾಲಿಕೋ ಉಟ್ಟು ಹೊರಬಂದ ಹೆಂಗಸರ ಮೈಮೇಲಿನ ಬಟ್ಟೆಯನ್ನೇ ಹರಿದರು, ಶಾಯಿ ಎರಚಿದರು. 1721ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ಬಣ್ಣ ಹಾಕಿದ ಹತ್ತಿ ಬಟ್ಟೆಯನ್ನು ಉಡುವುದನ್ನೂ ಮನೆಯ ಹಾಸುಹೊದಿಕೆಗೆ ಬಳಸುವುದನ್ನೂ ಬಹುಮಟ್ಟಿಗೆ ನಿಷೇಧಿಸಿತು. ಅರ್ಧ ಶತಮಾನ ಕಳೆದು, 1774ರಲ್ಲಿ ನಿಷೇಧ ಹೋಯಿತು. ಅಷ್ಟು ಹೊತ್ತಿಗೆ ಅವರದೇ ಯಂತ್ರಗಳು ನೂಲು ತೆಗೆಯಲು ಶುರು ಮಾಡಿದ್ದವು.

ಮುಂದಿನದು ಇನ್ನೂ ತಮಾಷೆ. ಬಟ್ಟೆಗೆ ಮುದ್ರೆ ಹಾಕುವ ಇಂಗ್ಲೆಂಡಿನ ಹಲವು ಕಂಪನಿಗಳು ಸೇರಿ ‘ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್’ ಅಂತ ಒಂದು ಸಂಸ್ಥೆ ಕಟ್ಟಿದ್ದವು. ಅದರ ಪ್ರಯೋಗಾಲಯದಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು 1941ರಲ್ಲಿ ಪಾಲಿಯೆಸ್ಟರ್ ನೂಲು ಕಂಡುಹಿಡಿದರು, ಟೆರಿಲಿನ್ ಅಂತ ಹೆಸರಿಟ್ಟರು. ನಮ್ಮ ಹತ್ತಿಯ ಹೆಸರು ಹೊತ್ತ ಸಂಸ್ಥೆಯೇ ಹತ್ತಿಯ ಬುಡಕ್ಕೆ ಕೊಡಲಿ ಇಟ್ಟಿತು. ಟೆರಿಲಿನ್ನಿಗೆ ಹತ್ತಿ ಬೆರೆಸಿದ್ದು ಟೆರಿಕಾಟ್. ಸುಕ್ಕಾಗಲ್ಲ, ಬೇಗ ಒಣಗುತ್ತೆ, ಬಣ್ಣ ಹೋಗಲ್ಲ. 1970ರ ದಶಕದಲ್ಲಿ ಟೆರಿಕಾಟ್ ಅಂಗಿ ತೊಟ್ಟು ಜೇಬಿಗೆ ಪೆನ್ನು ಸಿಕ್ಕಿಸಿದವನಿಗೆ ಊರಲ್ಲಿ ಬೇರೆಯೇ ಮರ್ಯಾದೆ. 1985ರ ಕೇಂದ್ರದ ಜವಳಿ ನೀತಿ ಕೃತಕ ನೂಲಿಗೆ ಹತ್ತಿಯ ಸಮಕ್ಕೆ ಮಣೆ ಹಾಕಿದ ಮೇಲೆ ಅದು ಮರ್ಯಾದೆಯ ಬಟ್ಟೆಯಾಗಿ ಉಳಿಯಲಿಲ್ಲ, ಬಡವರ ಬಟ್ಟೆಯಾಯಿತು. ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಪಾಲಿಯೆಸ್ಟರ್ ಸೀರೆ ಉಡತೊಡಗಿದರು; ಅಗ್ಗ, ಹರಿಯುವುದಿಲ್ಲ. ಬಿಸಿಲಿನಲ್ಲಿ ಅದೊಂದು ಶಿಕ್ಷೆ. ಇತ್ತ ಪೇಟೆಯ ನಾವು ಕೈಮಗ್ಗದ ಹತ್ತಿಯನ್ನು ಹಬ್ಬಕ್ಕೊಮ್ಮೆ ಫೋಟೋಕ್ಕೆಂದು ಕೊಳ್ಳುತ್ತೇವೆ.

ಅವ್ವನ ಆಕ್ಷೇಪ ಮಾತ್ರ ಸರಳ: “ಇದಕ್ಕ ಹಳೇದಾಗೂದು ಗೊತ್ತಿಲ್ಲ.” ಹಳೆಯದಾಗದ ಬಟ್ಟೆಯಿಂದ ಕೌದಿ ಆಗುವುದಿಲ್ಲ. ಬೆವರು ಹೀರುವುದಿಲ್ಲ, ಸೂಜಿಗೆ ಜಾರುತ್ತದೆ, ಮೆತ್ತಗಾಗುವುದಿಲ್ಲ.

ಎರಡನೇ ಪದರದಲ್ಲಿ ಗಿರಣಿ ಬಟ್ಟೆಯ ಸೀರೆಗಳ ನಡುವೆ ಒಂದು ದಪ್ಪನೆಯ ಬಿಳಿ ತುಂಡು ಸಿಕ್ಕಿತು. ಮೇಲೆ ಎರಡು ಕೈಗಳು ಒಂದನ್ನೊಂದು ಕುಲುಕುವ ಚಿತ್ರ. ಅದು ಅಮೆರಿಕದ ನೆರವಿನ ಗುರುತು. 60, 70ರ ದಶಕಗಳಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ‘ಕೇರ್’ ಸಂಸ್ಥೆಯ ಮೂಲಕ ಹಾಲಿನ ಪುಡಿ, ಹಳದಿ ಉಪ್ಪಿಟ್ಟಿನ ಹಿಟ್ಟು ಬರುತ್ತಿತ್ತು. ಅಪ್ಪ ಆ ಉಪ್ಪಿಟ್ಟು ತಿಂದೇ ಶಾಲೆ ಕಲಿತವನು. ಉಪ್ಪಿಟ್ಟು ಅಪ್ಪನ ಹೊಟ್ಟೆಗೆ ಹೋಯಿತು, ಚೀಲ ಕೌದಿಯ ಹೊಟ್ಟೆಗೆ. ಅಮೆರಿಕದಲ್ಲೂ ಇದೇ ನಡೆದಿತ್ತು ಅನ್ನುವುದು ಆಮೇಲೆ ಓದಿ ತಿಳಿಯಿತು. ಅಲ್ಲಿಯ ಹಳ್ಳಿಯ ಹೆಂಗಸರು ಹಿಟ್ಟು, ಕೋಳಿ ಕಾಳಿನ ಚೀಲಗಳಿಂದ ಅಂಗಿ, ಕ್ವಿಲ್ಟು ಹೊಲಿಯುತ್ತಿದ್ದರು. ಅದನ್ನು ಕಂಡ ಚೀಲದ ಕಂಪನಿಗಳು ಹೂಬಳ್ಳಿ ಮುದ್ರಿಸಿದ ಚೀಲ ಮಾಡಿ, ಒಗೆದರೆ ಹೋಗುವ ಶಾಯಿಯಲ್ಲಿ ತಮ್ಮ ಹೆಸರು ಹಾಕಿದವು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಯಾವ ಹೂವಿನ ಚೀಲ ಕೊಳ್ಳಬೇಕೆಂದು ಹೆಂಡತಿ ಹೇಳಿ ಕಳಿಸಬೇಕು, ಗಂಡ ಅಂಗಡಿಯಲ್ಲಿ ಮೂಟೆ ಸರಿಸಿ ಹುಡುಕಬೇಕು. ಆ ಗಂಡಂದಿರ ಪಾಡು ನೆನೆದರೆ ನನಗೆ ಮ್ಯಾಚಿಂಗ್ ಸೆಂಟರ್ ನೆನಪಾಗುತ್ತದೆ.

ಬಟ್ಟೆ ಆರಿಸುವ ಈ ಖುಷಿಯನ್ನು ನಾನು ಚಿಕ್ಕವನಿದ್ದಾಗ ಕಣ್ಣಾರೆ ಕಂಡಿದ್ದೇನೆ. ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿಲ್ಲದ ದಿನಗಳು. ಮಧ್ಯಾಹ್ನ ಪಡಸಾಲೆಯಲ್ಲಿ ಆಯಿ ಬಟ್ಟೆಯ ಗಂಟು ಬಿಚ್ಚಿ ಸುರುವುತ್ತಿದ್ದಳು. ಓಣಿಯ ನಾಲ್ಕು ಹೆಂಗಸರು ಸುತ್ತ ಕೂರುತ್ತಿದ್ದರು. ಅಡಿಗೆ ಧೋತರ, ಯಾಕೆಂದರೆ ಅಗಲ ದೊಡ್ಡದು, ಜೋಡಣೆ ಕಡಿಮೆ. ಹೊಟ್ಟೆಗೆ ಹರಿದ ಸೀರೆ, ಹಳೆಯ ಕೌದಿ. ಮೇಲಕ್ಕೆ ಬಣ್ಣ. ಇಲ್ಲಿ ಶುರುವಾಗುತ್ತಿತ್ತು ಚರ್ಚೆ. ಕರಿ ಚಂದ್ರಕಾಳಿ ಸೀರೆಯ ಪಕ್ಕ ಗುಳೇದಗುಡ್ಡದ ಖಣದ ಕೆಂಪು ಕುಪ್ಪಸದ ತುಂಡಿಟ್ಟರೆ ಎದ್ದು ಕಾಣುತ್ತದೆ; ಹಸಿರಿನ ಪಕ್ಕ ಹಸಿರು ಸಾಯುತ್ತದೆ; ಹಳದಿ ಒಂದೇ ಕಡೆ ಗುಂಪಾಗಬಾರದು, ಕುಂಕುಮ ಹಚ್ಚಿದ ಹಾಗೆ ಅಲ್ಲಲ್ಲಿ ಬರಬೇಕು. ಇಟ್ಟು, ದೂರ ನಿಂತು ನೋಡಿ, ತೆಗೆದು, ಮತ್ತೆ ಇಡುತ್ತಿದ್ದರು. “ಇದು ನಮ್ಮ ಗಂಗವ್ವನ ಸೀಮಂತದ ಸೀರಿ” ಅಂತ ಒಬ್ಬರು ತುಂಡು ಎತ್ತಿದರೆ ಅರ್ಧ ತಾಸು ಅದರದೇ ಮಾತು. ಅಳತೆ ಪಟ್ಟಿ ಇಲ್ಲ, ನಕ್ಷೆ ಇಲ್ಲ. ದಿನವಿಡೀ ಹೊಲದಲ್ಲಿ, ಒಲೆ ಮುಂದೆ ಇನ್ನೊಬ್ಬರು ಹೇಳಿದ್ದನ್ನೇ ಮಾಡುತ್ತಿದ್ದ ಆ ಹೆಂಗಸರು ತಮಗೆ ಬೇಕಾದಂತೆ ನಿರ್ಧಾರ ಮಾಡುತ್ತಿದ್ದ ಜಾಗ ಆ ಕೌದಿಯ ಅಗಲದಷ್ಟೇ ಇತ್ತೇನೋ ಅಂತ ಈಗ ಅನ್ನಿಸುತ್ತದೆ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಹಾಸಿದ ಬಟ್ಟೆಯ ಮೇಲೆ ಹೊರಳಾಡಿದರೆ ಬೆನ್ನಿಗೆ ಗುದ್ದು.

ಕೆಲವು ವರ್ಷ ಗೊಂದಲಿಗರ ಹೆಂಗಸರು ಊರಿಗೆ ಬಂದು ಹೊಲಿದುಕೊಡುತ್ತಿದ್ದರು. ಅವರ ಕೈ ಓಡುವುದು ನೋಡಬೇಕಿತ್ತು. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವುದು, ಜೋಳ ಬಿತ್ತಿದ ಸಾಲಿನಷ್ಟು ನೇರ ಹೊಲಿಗೆ. ಕೂಲಿ ಅಂದರೆ ಕಾಳು, ಸ್ವಲ್ಪ ದುಡ್ಡು, ಒಂದು ಹಳೇ ಸೀರೆ. ಕೊನೆಯ ತುಂಡು ಮುಚ್ಚುವ ಮುನ್ನ ಆಯಿ ನಾಲ್ಕು ಕಾಳು ಜೋಳ ಒಳಗೆ ಹಾಕುತ್ತಿದ್ದಳು. ಕೌದಿಗೂ ಹೊಟ್ಟೆ ಇರುತ್ತದೆ, ಖಾಲಿ ಇದ್ದರೆ ಹೊದ್ದವರ ಹೊಟ್ಟೆಯೂ ಖಾಲಿ ಅನ್ನುವ ನಂಬಿಕೆ.

ದಸರೆಗೆ ಮುಂಚೆ ಊರಿನ ಕೌದಿಗಳೆಲ್ಲ ಹಳ್ಳಕ್ಕೆ. ನೆನೆದ ಕೌದಿಯನ್ನು ಎತ್ತಲು ಇಬ್ಬರು ಗಂಡಸರು ಬೇಕು. ದಂಡೆಯ ಜಾಲಿ ಕಂಟಿಯ ಮೇಲೆ, ಬಂಡೆಯ ಮೇಲೆ ಹರವಿದ ನೂರಾರು ಕೌದಿ; ಯಾರ ಮನೆಯಲ್ಲಿ ಯಾವ ಸೀರೆ ಹರಿಯಿತು ಅನ್ನುವುದು ಊರಿಗೆಲ್ಲ ಗೊತ್ತಾಗುತ್ತಿದ್ದದ್ದು ಅವತ್ತೇ.

ಮೂರನೇ ಪದರಕ್ಕೆ ಬ್ಲೇಡು ತಾಗಿದಾಗ ಅವ್ವ ನನ್ನ ಕೈ ಹಿಡಿದಳು. “ನಿಂದ್ರು. ಇಲ್ಲಿ ಸಾವಕಾಶ.”

ಒಳಗಿಂದ ಕೆಂಪು ಬಂತು. ಇಳಕಲ್ ಸೀರೆಯ ಸೆರಗು. ಮೈ ಹತ್ತಿ, ಸೆರಗು ರೇಷ್ಮೆ. ಇಳಕಲ್ಲಿನ ನೇಕಾರರು ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿಕೊಂಡು, ಒಂದೊಂದೇ ಎಳೆಯನ್ನು ಕುಣಿಕೆ ಹಾಕಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಅಂತ ಹೆಸರು. ಎಳೆ ಸಾವಿರಾರು. ಬೆಳ್ಳಗಿನ ಟೋಪ್ ತೆನೆಯ ಗುರುತು ಇನ್ನೂ ಕಾಣುತ್ತಿತ್ತು, ಬಣ್ಣ ಮಾತ್ರ ಒಣಗಿದ ಮೆಣಸಿನಕಾಯಿಯ ಹಾಗೆ ಕಂದಿತ್ತು.

“ಆಯೀದು ಮದವಿ ಸೀರಿ” ಅಂದಳು ಅವ್ವ.

ಆಯಿಯ ಮದುವೆಯಾದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಬಟ್ಟೆಯ ಅಭಾವ ಎಷ್ಟಿತ್ತೆಂದರೆ 1943ರಲ್ಲಿ ಸರ್ಕಾರ ಬಟ್ಟೆ ಮತ್ತು ನೂಲಿನ ಬೆಲೆ, ಮಾರಾಟ ಎಲ್ಲಕ್ಕೂ ನಿಯಂತ್ರಣ ತಂದಿತು. ಗಿರಣಿಗಳ ಬಟ್ಟೆಯ ದೊಡ್ಡ ಪಾಲು ಸೈನ್ಯಕ್ಕೆ ಹೋಗುತ್ತಿತ್ತು. ಊರಲ್ಲಿ ಅದಕ್ಕೆ ‘ಕಂಟ್ರೋಲ್ ಕಾಲ’ ಅಂತಲೇ ಹೆಸರು. ಅಂಥ ಹೊತ್ತಿನಲ್ಲಿ ಆಯಿಯ ಅಪ್ಪ ಒಂದು ಇಳಕಲ್ ಸೀರೆ ಹೊಂದಿಸಿದ. ಅದೊಂದೇ ಆಕೆಯ ಜವಳಿ. ಹಬ್ಬಕ್ಕೆ ಉಟ್ಟಳು, ಆಮೇಲೆ ಸಂತೆಗೆ ಉಟ್ಟಳು, ಆಮೇಲೆ ಹೊಲಕ್ಕೆ ಉಟ್ಟಳು. ಮೈ ಹರಿದ ಮೇಲೆ ಅಪ್ಪನನ್ನೂ ಅತ್ತೆಯರನ್ನೂ ತೊಟ್ಟಿಲಲ್ಲಿ ಮಲಗಿಸಿದ್ದು ಅದರ ತುಂಡಿನ ಮೇಲೆಯೇ. ಸೆರಗನ್ನು ಮಾತ್ರ ಬಿಡಲಿಲ್ಲ.

“ಇನ್ನರ್ಧ ಎಲ್ಲಿ?” ಅಂತ ಕೇಳಿದೆ. ಸೆರಗು ನಟ್ಟನಡುವೆ ಹರಿದಿತ್ತು.

“ನಿನ್ನ ಕೌದ್ಯಾಗ ಹಾಕಿದ್ಲಲ್ಲ, ಕಾಲೇಜಿಗೆ ಹೋಗೂ ಮುಂದ.”

ನನಗೆ ಗಂಟಲು ಒಣಗಿತು. ಬ್ಲೇಡು ಕೆಳಗಿಟ್ಟು ನೀರು ಕುಡಿಯಲು ಎದ್ದು ಹೋದೆ.

ನನ್ನ ಕೌದಿಯ ಕಥೆ ಇಷ್ಟು. ಸಿಇಟಿಯಲ್ಲಿ ಸೀಟು ಸಿಕ್ಕು ಬಿಇಗೆ ಹೊರಟಾಗ ಆಯಿ ಒಂದು ತಿಂಗಳು ಕೂತು ಕೌದಿ ಹೊಲಿದಿದ್ದಳು. ಹಾಸ್ಟೆಲ್ಲಿನಲ್ಲಿ ಅದನ್ನು ಬಿಚ್ಚಿದ ಮೊದಲ ರಾತ್ರಿ ರೂಮಿನ ಹುಡುಗನೊಬ್ಬ, “ಏನೋ ಇದು, ಭಿಕ್ಷೆಯವರ ಗಂಟಿನ ಥರ ಇದೆ” ಅಂದ. ಅವನು ಕೆಟ್ಟವನೇನಲ್ಲ, ಈಗಲೂ ಗೆಳೆಯ. ಉಳಿದವರು ನಕ್ಕರು, ನಾನೂ ನಕ್ಕೆ. ಮೊದಲ ಸ್ಕಾಲರ್‌ಶಿಪ್ ಬಂದಾಗ ಹುಲಿಯ ಚಿತ್ರವಿದ್ದ ಪಾಲಿಯೆಸ್ಟರ್ ರಗ್ಗು ಕೊಂಡೆ. ಕೌದಿಯನ್ನು ರಾತ್ರಿ ಪಾಳಿಯ ವಾಚ್‌ಮನ್ ಒಬ್ಬರಿಗೆ ಕೊಟ್ಟುಬಿಟ್ಟೆ. ರಜೆಗೆ ಊರಿಗೆ ಹೋದಾಗಲೆಲ್ಲ ಆಯಿ ಕೇಳುತ್ತಿದ್ದಳು, “ಕೌದಿ ಬೆಚ್ಚಗ ಐತೇನೋ?” ನಾನು ಹೂಂ ಅನ್ನುತ್ತಿದ್ದೆ. ಐದನೇ ಸೆಮಿಸ್ಟರಿನಲ್ಲಿ ಆಯಿ ತೀರಿಕೊಂಡಳು. ಆಮೇಲೆ ಕೇಳುವವರು ಇರಲಿಲ್ಲ.

ವಾಪಸ್ ಬಂದು ಕೂತಾಗ ಅವ್ವ ಕೊನೆಯ ಪದರ ಬಿಚ್ಚುತ್ತಿದ್ದಳು. ಅಲ್ಲಿದ್ದದ್ದು ಇನ್ನೂ ಹಳೆಯ ಒಂದು ಕೌದಿಯ ತುಂಡು. ಬಣ್ಣವೆಲ್ಲ ಹೋಗಿ ಮಣ್ಣಿನಂತಾಗಿತ್ತು. ಒರಟು ನೂಲು, ಕೆಲವೆಡೆ ದಪ್ಪ ಕೆಲವೆಡೆ ತೆಳು. ಯಾರದ್ದು, ಯಾವಾಗಿನದು ಅವ್ವನಿಗೂ ಗೊತ್ತಿಲ್ಲ.

ಆ ನೂಲು ನಮ್ಮ ಯೆರೆ ಭೂಮಿಯದೇ ಆಗಿದ್ದರೆ ಅದರ ಹಿಂದೆ ಸಮುದ್ರದಾಚೆಯ ಕಥೆಯೂ ಇರಬಹುದು. ಧಾರವಾಡ ಸೀಮೆಯ ನಾಡಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಹಾಗಾಗಿ ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಲಂಕಾಶೈರ್ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ನಮ್ಮ ಕಡೆ ಬಿತ್ತಿಸಿತು. ಬೇರೆ ಕಡೆ ಸೋತ ಬೀಜ ಧಾರವಾಡದಲ್ಲಿ ಹಿಡಿಯಿತು, ‘ಧಾರವಾಡ ಅಮೆರಿಕನ್’ ಅಂತ ಹೆಸರಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಬೆಲೆ ಆಕಾಶಕ್ಕೇರಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು, ಮುಂಬಯಿಯ ಶೇರುಪೇಟೆಯೂ ಮುಳುಗಿತು. ಹೊಲ ತುಂಬ ಹತ್ತಿ ಬೆಳೆದ ನಮ್ಮವರು ಮಾತ್ರ ಬಟ್ಟೆ ಸಾಲದೆ ಹಳೇ ಕೌದಿಗೆ ತೇಪೆ ಹಚ್ಚುತ್ತಿದ್ದರು.

ಅಮೆರಿಕದ ಆ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಊರಿನಲ್ಲಿ ಅವರ ಮೊಮ್ಮಕ್ಕಳು, ಮರಿಮಕ್ಕಳು ಹರಿದ ಕೆಲಸದ ಬಟ್ಟೆಗಳಿಂದ ಹೊಲಿದ ಕ್ವಿಲ್ಟುಗಳನ್ನು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆಗೆ ತೂಗುಹಾಕಿತು. ಅದರ ಚಿತ್ರ ನೋಡಿದಾಗ ನನಗೆ ಹಳ್ಳದ ದಂಡೆಯೇ ಕಂಡಿತು. ನಮ್ಮ ಉತ್ತರ ಕನ್ನಡದ ಸಿದ್ದಿಯರ ಪೂರ್ವಜರೂ ಆಫ್ರಿಕಾದಿಂದ ಗುಲಾಮರಾಗಿ ಬಂದವರೇ, ಎಷ್ಟೋ ಮಂದಿ ಗೋವೆಯ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದವರು. ಅವರ ಹೆಂಗಸರು ಹೊಲಿಯುವ ಕವಂದಿಯೂ ಅಂಚಿನಿಂದ ನಡುವಿಗೇ ಬರುತ್ತದೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಚಿ ಪುಟ್ಟ ತ್ರಿಕೋನ ಇಡುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ. ಹೂವಿಲ್ಲದಿದ್ದರೆ ಕವಂದಿ ಬತ್ತಲೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಇದರ ಬೆನ್ನು ಹತ್ತಿ, ಸಿದ್ದಿ ಹೆಂಗಸರ ಹೊಲಿಗೆ ಸಹಕಾರ ಸಂಘ ಕಟ್ಟಲು ನೆರವಾದರು. 2011ರಲ್ಲಿ ಆ ಕವಂದಿಗಳು ಹಾರ್ಲೆಮ್‌ನ ಶೋಂಬರ್ಗ್ ಸೆಂಟರಿನಲ್ಲಿ ಪ್ರದರ್ಶನಗೊಂಡವು. ಯಲ್ಲಾಪುರಕ್ಕೆ ಟ್ರೆಕ್ಕಿಂಗ್ ಹೋದಾಗ ಒಂದು ಮನೆಯ ಅಂಗಳದಲ್ಲಿ ಅಂಥದ್ದನ್ನು ನೋಡಿದ್ದೆ. ಜೊತೆಗಿದ್ದ ಗೆಳೆಯರು, “ವಾವ್, ಆರ್ಟ್!” ಅಂತ ಫೋಟೋ ಹೊಡೆದುಕೊಂಡರು. ಭಿಕ್ಷೆಯವರ ಗಂಟು ಅಂದಿದ್ದವನೂ ಅವರಲ್ಲಿದ್ದ. ನಾನು ಏನೂ ಹೇಳಲಿಲ್ಲ.

ಕೂಸಿನ ಕೌದಿಗೆ ಬಟ್ಟೆ ಆರಿಸುವುದು ಎರಡು ಭಾನುವಾರ ನಡೆಯಿತು. ಅಡಿಗೆ ನನ್ನ ಮದುವೆಯ ಪಂಚೆ. ಮಂಡ್ಯದಿಂದ ಅತ್ತೆ ತಮ್ಮ ತಾಯಿಯ ಎರಡು ವಾಯಿಲ್ ಸೀರೆ ತಂದರು, ತೆಳ್ಳಗೆ, ಅಚ್ಚ ಹತ್ತಿ. ಅವ್ವ ಬೆರಳಲ್ಲಿ ಉಜ್ಜಿ ನೋಡಿ ಬೀಗಿತ್ತಿಗೆ ಮೊದಲ ಬಾರಿ ಪೂರ್ತಿ ಮಾರ್ಕ್ಸ್ ಕೊಟ್ಟಳು. ಬೆಂಗಳೂರಿನ ಬಾಡಿಗೆ ಮನೆಯ ಹಾಲಿನಲ್ಲಿ ಸೋಫಾ ಸರಿಸಿ ಎಲ್ಲ ಹರವಿದೆವು. ನನ್ನ ಆಫೀಸಿನ ನೀಲಿ ಟೀ ಶರ್ಟನ್ನು ಹೆಂಡತಿ ನಡುವೆ ಇಟ್ಟಳು, ಅವ್ವ ಮೂಲೆಗೆ ತಳ್ಳಿದಳು, ಅತ್ತೆ ಪಕ್ಕಕ್ಕೆ ಹಳದಿ ತಂದಿಟ್ಟರು. ನಾನೂ ಒಂದು ಹಸಿರು ತುಂಡು ಇಟ್ಟೆ. ಮೂವರೂ ಒಟ್ಟಿಗೆ ತೆಗೆದು ಎಸೆದರು. ಹೊರಗೆ ಕತ್ತಲಾಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಫೋನು ಎಲ್ಲಿಟ್ಟಿದ್ದೇನೆಂದು ನನಗೆ ಮಧ್ಯಾಹ್ನದಿಂದ ನೆನಪಿರಲಿಲ್ಲ.

ಆಯಿಯ ಅರ್ಧ ಸೆರಗು ನಡುವಿಗೆ ಬರಬೇಕೆಂದು ಎಲ್ಲರೂ ಒಪ್ಪಿದರು. ಅವ್ವ ಅದನ್ನು ಅಂಗೈಯಲ್ಲಿ ಸವರುತ್ತಾ, “ನಿಂದೂ ತಂದ್ರ ಎರಡೂ ಕೂಡಸಬೌದಿತ್ತ. ಎಲ್ಲೈತಿ ಅದು, ಊರಾಗ ಕಾಣಂಗಿಲ್ಲ?” ಅಂದಳು.

ಹೇಳಿಬಿಟ್ಟೆ. ಹುಡುಗರು ನಕ್ಕದ್ದು, ಹುಲಿಯ ರಗ್ಗು, ವಾಚ್‌ಮನ್, ಆಯಿಗೆ ಹೂಂ ಅಂದದ್ದು, ಎಲ್ಲ. ಅವ್ವ ತಲೆ ಎತ್ತಲಿಲ್ಲ. ಸೆರಗಿನ ಹರಿದ ಅಂಚನ್ನು ಒಳಕ್ಕೆ ಮಡಚಿ ಬೆರಳಿನಿಂದ ತೀಡುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ ಕೇಳಿದಳು:

“ಆ ಮನಷ್ಯಾಗ ಮಕ್ಕಳಿದ್ದೂವೇನು?”

“ಎರಡು ಸಣ್ಣವಿದ್ದವು.”

“ಹೌದಾ” ಅಂದಳು. ಸೂಜಿಯನ್ನೂ ದಾರದ ಉಂಡೆಯನ್ನೂ ನನ್ನ ಕಡೆ ಚಾಚಿದಳು. “ತಗೋ, ಪೋಣಿಸಿಕೊಡು. ನನಗ ಈ ಲೈಟಿನ್ಯಾಗ ಕಣ್ಣ ಕಾಣವಲ್ವು. ಮತ್ತ ಡಬ್ಬ್ಯಾಗ ಜ್ವಾಳ ಅದಾವೇನು ನೋಡು, ನಾಕ ಕಾಳ ಸಾಕು.”

ಡಬ್ಬಿಯಲ್ಲಿ ಜೋಳ ಇರಲಿಲ್ಲ, ನಮ್ಮ ಮನೆಯಲ್ಲಿ ಹಿಟ್ಟೇ ಬರುವುದು. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟೆ.